ಡಿಎಪಿ ಗೊಬ್ಬರ ಬಿಟ್ಟು ಸೂಪರ್ ಫಾಸ್ಫೇಟ್ ಹಾಕಿ, ಮೇಲೆ ಯೂರಿಯಾ ಜಾಸ್ತಿ ಕೊಟ್ಟರೆ ನಡೆಯುತ್ತಾ? ಲೆಕ್ಕ ನೋಡಿ ಹೇಳಿ

ರಾಣೆಬೆನ್ನೂರು ಮೆಕ್ಕೆಜೋಳ · 22 ಮೇ 2025

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ, ಮಳೆ ನಂಬಿದ ಹೊಲ. ಎರಡೂವರೆ ಎಕರೆ ಎರೆ (ಕಪ್ಪು ಮಣ್ಣು), ಒಂದೂವರೆ ಎಕರೆ ಮಸಾರಿ (ಕೆಂಪು ಮಣ್ಣು). ಎಲ್ಲದಕ್ಕೂ ಮೆಕ್ಕೆಜೋಳವೇ. ಈ ಸಲ ಮಳೆ ಬೇಗ ಬಂದಿದೆ, ಊರಲ್ಲಿ ಎಲ್ಲರೂ ಬೀಜ ಗೊಬ್ಬರಕ್ಕೆ ಓಡಾಡುತ್ತಿದ್ದಾರೆ.

ಹೋದ ವರ್ಷ ಎಕರೆಗೆ ಒಂದು ಚೀಲ ಡಿಎಪಿ, ಮೂರು ಚೀಲ ಯೂರಿಯಾ ಹಾಕಿದ್ದೆ. ಪೊಟ್ಯಾಷ್ ಹಾಕುವುದನ್ನು 2022ರಲ್ಲೇ ಬಿಟ್ಟೆ. ಒಂಬೈನೂರು ರೂಪಾಯಿ ಒಳಗೆ ಸಿಗುತ್ತಿದ್ದ ಚೀಲ 1,700 ಆದಾಗ ಕೈಯೇ ಬರಲಿಲ್ಲ. ಬೀಜ, ಟ್ರ್ಯಾಕ್ಟರ್ ಬಾಡಿಗೆ, ಕಳೆನಾಶಕ, ಆಳಿನ ಕೂಲಿ ಎಲ್ಲ ಏರಿದೆ. ಹೊಲದಲ್ಲಿ ಏನಾದರೂ ಕಡಿಮೆ ಮಾಡಲೇಬೇಕು.

ಡಿಎಪಿ ಚೀಲ 1,350. ನಮ್ಮಲ್ಲಿ ಸೂಪರ್ ಫಾಸ್ಫೇಟ್ ಚೀಲ 600ಕ್ಕೆ ಸಿಗುತ್ತಿದೆ. ಎಕರೆಗೆ ಒಂದು ಡಿಎಪಿ ಬದಲು ಒಂದು ಸೂಪರ್ ಹಾಕಿ, ಕೊರತೆಗೆ ಇನ್ನೊಂದು ಚೀಲ ಯೂರಿಯಾ ಜಾಸ್ತಿ ಕೊಟ್ಟರೆ ನಾಲ್ಕು ಎಕರೆಗೆ ಹತ್ತಿರ 1,900 ರೂಪಾಯಿ ಉಳಿಯುತ್ತದೆ. ನಮ್ಮ ಓಣಿಯಲ್ಲಿ ನಾಲ್ಕೈದು ಮಂದಿ ಹೀಗೇ ಮಾಡುತ್ತಿದ್ದಾರೆ. ಮಾಡಬಹುದಾ? ಅನುಭವ ಇದ್ದವರು ಹೇಳಿ.

ನಿವೃತ್ತ ಕೃಷಿ ಸಹಾಯಕ · 22 ಮೇ

ತಮ್ಮಾ, ಚೀಲದ ರೇಟು ನೋಡಬೇಡ. ಚೀಲದ ಒಳಗೆ ಏನಿದೆ ನೋಡು.

ಒಂದು ಚೀಲ ಡಿಎಪಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ. ಒಂದು ಚೀಲ ಸೂಪರ್‌ನಲ್ಲಿ ರಂಜಕ ಬರೀ 8 ಕೆಜಿ. ಅಂದರೆ ಒಂದು ಡಿಎಪಿಗೆ ಸರಿಗಟ್ಟಬೇಕಾದರೆ ಮೂರು ಚೀಲ ಸೂಪರ್ ಬೇಕು, ಜೊತೆಗೆ 20 ಕೆಜಿ ಯೂರಿಯಾ. ನೀನು ಹೇಳಿದ ರೇಟಿನಲ್ಲಿ ಮೂರು ಚೀಲಕ್ಕೆ 1,800, ಯೂರಿಯಾಕ್ಕೆ 120. ಒಟ್ಟು 1,920. ಡಿಎಪಿಗಿಂತ 570 ರೂಪಾಯಿ ಜಾಸ್ತಿಯೇ ಆಯಿತು. ಅಗ್ಗ ಎಲ್ಲಿ ಬಂತು?

ಡಿಎಪಿಯಲ್ಲಿರುವ ಸಾರಜನಕಕ್ಕೆ ಯೂರಿಯಾದ ಬೆಲೆ ಹಿಡಿದು ಕಳೆದರೆ, ಅದರ ರಂಜಕ ಕೆಜಿಗೆ 54 ರೂಪಾಯಿ ಬೀಳುತ್ತದೆ. ಸೂಪರ್‌ನ ರಂಜಕ ಕೆಜಿಗೆ 75. ನೀನು ಒಂದೇ ಚೀಲ ಸೂಪರ್ ಹಾಕಿದರೆ ಪೈರಿಗೆ ಬೇಕಾದ ರಂಜಕದಲ್ಲಿ ಅರ್ಧವೂ ಸಿಗುವುದಿಲ್ಲ. ಅದನ್ನು ಯೂರಿಯಾದಿಂದ ತುಂಬಲು ಆಗುವುದಿಲ್ಲ. ಅನ್ನ ಕಡಿಮೆ ಇದೆ ಅಂತ ನೀರು ಜಾಸ್ತಿ ಕುಡಿಸಿದ ಹಾಗೆ ಆಗುತ್ತದೆ.

ಕುಷ್ಟಗಿ ಶೇಂಗಾ · 22 ಮೇ

ಸರ್ ಹೇಳಿದ್ದು ಮೆಕ್ಕೆಜೋಳಕ್ಕೆ ಸರಿ. ಆದರೆ ಸೂಪರ್ ಬಗ್ಗೆ ಅಷ್ಟಕ್ಕೇ ಮುಗಿಸಬೇಡಿ. ಅದರಲ್ಲಿ ಗಂಧಕ 11 ಪರ್ಸೆಂಟ್ ಇದೆ, ಸುಣ್ಣದ ಅಂಶವೂ ಇದೆ. ಶೇಂಗಾ, ಸೂರ್ಯಕಾಂತಿ ಬೆಳೆಯುವವರಿಗೆ ಅದೇ ಮುಖ್ಯ. ನಾನು ಮೂರು ವರ್ಷದಿಂದ ಶೇಂಗಾಕ್ಕೆ ಡಿಎಪಿ ಮುಟ್ಟಿಲ್ಲ. ಸೂಪರ್ ಹಾಕುತ್ತೇನೆ, ಹೂವು ಬಿಟ್ಟು ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಕೊಡುತ್ತೇನೆ. ಕಾಯಿ ಗಟ್ಟಿ ತುಂಬುತ್ತದೆ, ಜೊಳ್ಳು ಕಡಿಮೆ. ನಮಗೆ ಅದು ಖರ್ಚು ಉಳಿಸಿದ್ದು ಹೌದು. ಬೆಳೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ನಿವೃತ್ತ ಕೃಷಿ ಸಹಾಯಕ · 22 ಮೇ

ಸರಿಯಾಗಿ ಹೇಳಿದಿರಿ. ಎಣ್ಣೆಕಾಳಿಗೆ ಸೂಪರ್ ಒಳ್ಳೆಯದು, ಒಪ್ಪುತ್ತೇನೆ.

ಸಿಂಧನೂರು ನಾಲೆ · 23 ಮೇ

ನನಗೆ ಈ ಪ್ರಶ್ನೆಯಲ್ಲಿ ಭಯ ಹುಟ್ಟಿಸಿದ್ದು ಸೂಪರ್ ಅಲ್ಲ, "ಇನ್ನೊಂದು ಚೀಲ ಯೂರಿಯಾ" ಅನ್ನುವ ಮಾತು.

ಅಗ್ಗದ ದಾರಿ ಅಂದರೆ ನಮ್ಮ ತಲೆಗೆ ಜೀವಾಮೃತ, ಎರೆಗೊಬ್ಬರ ಬರುತ್ತದೆ. ನಿಜವಾಗಿ ನಮ್ಮ ರೈತರು ಹಿಡಿದ ಅಗ್ಗದ ದಾರಿ ಯೂರಿಯಾ. 45 ಕೆಜಿ ಚೀಲ 266 ರೂಪಾಯಿ. ಅದರ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದೆ. ಡಿಎಪಿ, ಪೊಟ್ಯಾಷ್, ಮಿಶ್ರ ಗೊಬ್ಬರಗಳನ್ನು 2010ರಲ್ಲಿ ಪೋಷಕಾಂಶ ಆಧಾರದ ಸಬ್ಸಿಡಿಗೆ ಹಾಕಿದರು. ಅವುಗಳ ಬೆಲೆ ಏರುತ್ತಾ ಹೋಯಿತು, ಯೂರಿಯಾ ನಿಂತಲ್ಲೇ ನಿಂತಿತು. ಕೈಯಲ್ಲಿ ದುಡ್ಡು ಕಡಿಮೆ ಇದ್ದವನು ಯಾವುದು ಅಗ್ಗವೋ ಅದನ್ನೇ ಚೆಲ್ಲುತ್ತಾನೆ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ.

ನಮ್ಮ ಭತ್ತದ ಗದ್ದೆಯಲ್ಲಿ ಇದರ ಫಲ ಕಣ್ಣಾರೆ ನೋಡಿದ್ದೇನೆ. ಯೂರಿಯಾ ಜಾಸ್ತಿಯಾದ ಗದ್ದೆ ಹತ್ತು ದಿನ ಕಡು ಹಸಿರಾಗಿ ಕಾಣುತ್ತದೆ. ನೋಡಲು ಚೆಂದ. ಆಮೇಲೆ ಬೆಂಕಿ ರೋಗ, ಅದರ ಹಿಂದೆ ಕಂದು ಜಿಗಿಹುಳು. ಪೈರು ಮೆತ್ತಗಾಗಿ ಗಾಳಿಗೆ ಮಲಗುತ್ತದೆ. 266 ರೂಪಾಯಿಯ ಚೀಲ ಹಾಕಿ ಎಣ್ಣೆ (ಕೀಟ, ರೋಗದ ಔಷಧಿ) ಹೊಡೆಯಲು ಎಕರೆಗೆ ಎರಡು ಸಾವಿರ ಖರ್ಚು ಮಾಡಿದ್ದೇನೆ. ಮಲಗಿದ ಭತ್ತ ಕೊಯ್ಯಲು ಮಷಿನ್‌ನವರು ಗಂಟೆ ಲೆಕ್ಕದಲ್ಲಿ ಜಾಸ್ತಿ ತೆಗೆದುಕೊಂಡರು.

ಈಗ ನಾನು ನಾಲೆಗೆ ನೀರು ಬರುವ ಮೊದಲೇ ಮುಂಗಾರು ಹದಕ್ಕೆ ಸೆಣಬು ಚೆಲ್ಲುತ್ತೇನೆ. 45 ದಿನಕ್ಕೆ, ಹೂವು ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಕೆಸರು ಮಾಡುತ್ತೇನೆ. ಎಕರೆಗೆ ಒಂದು ಚೀಲ ಯೂರಿಯಾ ಕಡಿಮೆ ಮಾಡಿದ್ದೇನೆ, ಇಳುವರಿ ಬಿದ್ದಿಲ್ಲ. ಮಳೆ ಬೇಗ ಬಂದ ವರ್ಷ ಮಾತ್ರ ಇದು ಸಾಧ್ಯ. ತಡವಾದರೆ ಸೆಣಬಿಗೆ ಸಮಯವೇ ಸಿಗುವುದಿಲ್ಲ.

ರಾಣೆಬೆನ್ನೂರು ಮೆಕ್ಕೆಜೋಳ · 23 ಮೇ

ಅಣ್ಣಾವ್ರೇ, ನೀವು ಹೇಳಿದ ಮೇಲೆ ನನ್ನದನ್ನೇ ಲೆಕ್ಕ ಹಾಕಿದೆ. ಮೂರು ಚೀಲ ಯೂರಿಯಾ ಅಂದರೆ 62 ಕೆಜಿ ಸಾರಜನಕ, ಡಿಎಪಿಯದು 9, ಒಟ್ಟು 71. ಎಷ್ಟು ಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಅಪ್ಪ ಹಾಕುತ್ತಿದ್ದರು, ನಾನೂ ಹಾಕಿದೆ.

ನಿವೃತ್ತ ಕೃಷಿ ಸಹಾಯಕ · 23 ಮೇ

ಮಳೆ ಆಶ್ರಯದ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಸಾರಜನಕ, 50 ರಂಜಕ, 25 ಪೊಟ್ಯಾಷ್. ಎಕರೆಗೆ 40, 20, 10 ಅಂತ ಇಟ್ಟುಕೋ. ರಂಜಕಕ್ಕೆ ಒಂದು ಚೀಲ ಡಿಎಪಿ ಸಾಕು, ಸ್ವಲ್ಪ ಉಳಿಯುತ್ತದೆ ಕೂಡ. ಅದರ ಮೇಲೆ ಒಂದೂವರೆ ಚೀಲ ಯೂರಿಯಾ.

ನೀನು ಹಾಕುತ್ತಿದ್ದದ್ದು ಅದರ ಎರಡರಷ್ಟು. ಎಕರೆಗೆ ಒಂದೂವರೆ ಚೀಲ ಯೂರಿಯಾ ಬಿಟ್ಟರೆ ನಾಲ್ಕು ಎಕರೆಗೆ 1,600 ರೂಪಾಯಿ ಉಳಿಯಿತು. ಡಿಎಪಿ ಬಿಟ್ಟು ನೀನು ಉಳಿಸಬೇಕು ಅಂದುಕೊಂಡಿದ್ದ ದುಡ್ಡು ಹೆಚ್ಚುಕಡಿಮೆ ಇಲ್ಲೇ ಸಿಕ್ಕಿತಲ್ಲ. ಬೆಳೆಗೆ ಏನೂ ಕಡಿಮೆ ಮಾಡಲಿಲ್ಲ.

ಶಿಗ್ಗಾಂವಿ ಹೊಲ · 23 ಮೇ

ಸರ್, ಗೌರವದಿಂದ ಕೇಳುತ್ತೇನೆ. ಆ ಶಿಫಾರಸು ಎಕರೆಗೆ ಹದಿನೈದು ಕ್ವಿಂಟಲ್ ಬರುತ್ತಿದ್ದ ಕಾಲದ್ದು ಅಲ್ವಾ? ಈಗಿನ ಹೈಬ್ರಿಡ್ ಒಳ್ಳೆ ಮಳೆಯಾದರೆ 25 ಕ್ವಿಂಟಲ್ ಕೊಡುತ್ತದೆ. ಒಂದೂವರೆ ಚೀಲಕ್ಕೆ ತೆನೆ ತುದಿ ತನಕ ಕಾಳು ಕಟ್ಟುವುದಿಲ್ಲ. ನಾನು ಒಂದು ವರ್ಷ ಮಾಡಿ ನೋಡಿದ್ದೇನೆ, ತುದಿ ಬೋಳು ಉಳಿಯಿತು. ಸಾಲ ಮಾಡಿ ಬಿತ್ತಿದವರಿಗೆ ಅದು ಸಣ್ಣ ಮಾತಲ್ಲ.

ನಿವೃತ್ತ ಕೃಷಿ ಸಹಾಯಕ · 24 ಮೇ

ನಿಮ್ಮ ಮಾತು ತಳ್ಳಿಹಾಕುವುದಿಲ್ಲ. ನೀರಾವರಿಯಲ್ಲಿ ಶಿಫಾರಸೇ ಎಕರೆಗೆ 60 ಕೆಜಿ ಇದೆ. ಒಳ್ಳೆ ಮಳೆಯ ವರ್ಷಕ್ಕೆ ಎರಡು ಚೀಲ ಹಾಕಲಿ. ಆದರೆ ಒಂದೇ ಸಲಕ್ಕೆ ಬೇಡ. ಮೊಣಕಾಲೆತ್ತರ ಬಂದಾಗ ಒಂದು, ಸೂಲಂಗಿ (ತುದಿಯ ಗಂಡು ಹೂಗೊಂಚಲು) ಬರುವಾಗ ಇನ್ನೊಂದು. ಮಣ್ಣಲ್ಲಿ ಹಸಿ ಇದ್ದಾಗ ಬುಡದ ಪಕ್ಕ ಹಾಕಿ ಎಡೆ ಹೊಡೆದು ಮುಚ್ಚಿದರೆ ಗಾಳಿಗೆ ಹೋಗುವುದು ತಪ್ಪುತ್ತದೆ. ಮೇಲೆ ಎರಚಿ ಬಿಸಿಲಿಗೆ ಬಿಟ್ಟರೆ ಮೂರು ಚೀಲ ಹಾಕಿದವನಿಗೂ ಎರಡರ ಫಲವೇ. ತುದಿ ಬೋಳಾಗುವುದಕ್ಕೆ ಸೂಲಂಗಿ ಹೊತ್ತಿನ ನೀರಿನ ಕೊರತೆ, ಜಿಂಕ್ ಕೊರತೆ ಕೂಡ ಕಾರಣ ಇರಬಹುದು. ಎಕರೆಗೆ 4 ಕೆಜಿ ಜಿಂಕ್ ಸಲ್ಫೇಟ್ ಕೊಟ್ಟಿದ್ದಿರಾ? ಕೊಡುವುದಾದರೆ ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಸೇರಿ ಕಟ್ಟಿಕೊಳ್ಳುತ್ತವೆ, ಬೇರಿಗೆ ಸಿಗುವುದಿಲ್ಲ.

ಪೊಟ್ಯಾಷ್ ಬಗ್ಗೆ: ಎರೆ ಭೂಮಿಯಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮಸಾರಿಯಲ್ಲಿ ಕಡಿಮೆ. ದುಡ್ಡು ಬಿಗಿ ಇದ್ದರೆ ನಿನ್ನ ಒಂದೂವರೆ ಎಕರೆ ಮಸಾರಿಗೆ ಮಾತ್ರ ಅರ್ಧ ಚೀಲ ಹಾಕು. ಎರೆಗೆ ಬಿಡು. ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸು, ಈ ವರ್ಷಕ್ಕೆ ಆಗದಿದ್ದರೂ ಮುಂದಿನ ವರ್ಷಕ್ಕೆ ಆಗುತ್ತದೆ.

ಗೊಬ್ಬರದಂಗಡಿ ಹಾವೇರಿ ಜಿಲ್ಲೆ · 24 ಮೇ

ನಾನು ಅಂಗಡಿ ಇಟ್ಟವನು, ಆದರೂ ಇಲ್ಲಿ ಒಂದು ಮಾತು ಬರೆಯಬೇಕು ಅನ್ನಿಸಿತು. ಬೆಲೆ ಏರಿದಾಗ ಅಂಗಡಿಗೆ ಬರುವ ರೈತರು "ಇದಕ್ಕಿಂತ ಕಡಿಮೆಯದು ಏನಿದೆ" ಅಂತ ಕೇಳುತ್ತಾರೆ. ಆ ಪ್ರಶ್ನೆಗೇ ಕಾದು ಕುಳಿತ ಮಂದಿ ಇದ್ದಾರೆ. ಬಣ್ಣದ ಡಬ್ಬಿ, "ಇದೊಂದು ಲೀಟರ್ ಹಾಕಿದರೆ ಎರಡು ಚೀಲ ಉಳಿಯುತ್ತದೆ" ಅನ್ನುವ ಮಾತು. ಡಬ್ಬಿಯ ಮೇಲೆ ಯಾವ ಪೋಷಕಾಂಶ ಎಷ್ಟು ಪರ್ಸೆಂಟ್ ಅಂತ ಬರೆದಿಲ್ಲದಿದ್ದರೆ ವಾಪಸ್ ಕೊಡಿ. ಚೀಲದ ಮೇಲೆ ಶೇಕಡಾವಾರು, ಬ್ಯಾಚ್, ಗರಿಷ್ಠ ಬೆಲೆ ಇರಲೇಬೇಕು. ಸಬ್ಸಿಡಿ ಗೊಬ್ಬರ ಪಾಸ್ ಮಷಿನ್‌ನಲ್ಲಿ ಆಧಾರ್ ಹಾಕಿಯೇ ಕೊಡಬೇಕು, ಬಿಲ್ ಕೇಳಿ ಪಡೆಯಿರಿ.

ಡಿಎಪಿ ಅಸಲಿಯಾ ಅಂತ ಅನುಮಾನ ಬಂದರೆ ನಾಲ್ಕು ಕಾಳು ಅಂಗೈಗೆ ಹಾಕಿ, ಸುಣ್ಣ ಸೇರಿಸಿ ಹೊಗೆಸೊಪ್ಪಿನ ಹಾಗೆ ತಿಕ್ಕಿ. ಮೂಗು ಸುಡುವ ವಾಸನೆ ಬರಬೇಕು. ಯೂರಿಯಾ ಆದರೆ ನೀರಲ್ಲಿ ಪೂರ್ತಿ ಕರಗಬೇಕು, ಲೋಟ ತಣ್ಣಗಾಗಬೇಕು.

ಲಿಂಕ್ ಬಗ್ಗೆಯೂ ಹೇಳುತ್ತೇನೆ. ಯೂರಿಯಾ ಜೊತೆ ಬೇಡದ ವಸ್ತು ಕಟ್ಟಿ ಕೊಡುವುದು ತಪ್ಪು. ನಮಗೂ ಮೇಲಿನಿಂದ ಹಾಗೇ ಕಟ್ಟಿ ಕಳಿಸುತ್ತಾರೆ. ಯೂರಿಯಾ ಬೇಕಾದರೆ ಅದನ್ನೂ ಎತ್ತಬೇಕು. ಎತ್ತಿದ ಮೇಲೆ ಅದನ್ನು ಯಾರಿಗಾದರೂ ಮಾರಲೇಬೇಕು. ರೈತರ ಮುಖ ನೋಡಿ ಅದನ್ನು ಮಾರುವಾಗ ನನಗೆ ಸಂಕಟವಾಗುತ್ತದೆ.

ಕೃಷಿ ಬಿಎಸ್ಸಿ ಓದುತ್ತಿರುವ ಹುಡುಗಿ · 24 ಮೇ

ಅಂಗಡಿ ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. 2021ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋ ಯೂರಿಯಾ ಅರ್ಧ ಲೀಟರ್ ಬಾಟಲಿ ಒಂದು ಚೀಲಕ್ಕೆ ಸಮ ಅಂತ ಪ್ರಚಾರ ಆಯಿತು. ಬೆಲೆ 225, ಚೀಲಕ್ಕಿಂತ ಅಗ್ಗ. ಆದರೆ ಆಗಿನ 4 ಪರ್ಸೆಂಟ್ ಬಾಟಲಿಯಲ್ಲಿ ಇದ್ದ ಸಾರಜನಕ 20 ಗ್ರಾಂ. ಚೀಲದಲ್ಲಿ ಇರುವುದು 20 ಕೆಜಿ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಹೊಲದಲ್ಲಿ ಪ್ರಯೋಗ ಮಾಡಿದರು. ಅರ್ಧ ಸಾರಜನಕದ ಬದಲು ಇದನ್ನು ಸಿಂಪಡಿಸಿದಾಗ ಭತ್ತದ ಇಳುವರಿ 13 ಪರ್ಸೆಂಟ್, ಗೋಧಿಯದು 21.6 ಪರ್ಸೆಂಟ್ ಇಳಿಯಿತು. ಎಲೆ ಹಳದಿಯಾದಾಗ ಪೂರಕವಾಗಿ ಹೊಡೆಯುವವರು ಹೊಡೆಯಲಿ. ಚೀಲ ಬಿಟ್ಟು ಇದನ್ನೇ ನಂಬಬೇಡಿ ಅಂತ ನಮ್ಮಪ್ಪನಿಗೂ ಹೇಳಿದ್ದೇನೆ.

ಚಳ್ಳಕೆರೆ ಅಕ್ಕ · 25 ಮೇ

ಎಲ್ಲರೂ ಚೀಲದ ಸುತ್ತಲೇ ಮಾತಾಡುತ್ತಿದ್ದೀರಿ. ನಾನು ಆರು ವರ್ಷದಿಂದ ಜೀವಾಮೃತ ಮಾಡುತ್ತಿದ್ದೇನೆ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತೇನೆ. ಮಣ್ಣು ಮೆತ್ತಗಾಗಿದೆ, ಎರೆಹುಳು ಕಾಣುತ್ತಿವೆ. ಸಾಲ ಇಲ್ಲ.

ಆದರೆ ಇದನ್ನು ಬಿಟ್ಟಿ ಅಂತ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಇದು ಹೆಂಗಸರ ಮೈಮುರಿಯುವ ಕೆಲಸ. ಸಗಣಿ ಬಾಚುವುದು, ಗಂಜಲ ಹಿಡಿಯುವುದು, ದಿನಕ್ಕೆ ಎರಡು ಸಲ ಕಲಕುವುದು, ಬಿಂದಿಗೆಯಲ್ಲಿ ಹೊತ್ತು ಹೊಲಕ್ಕೆ ಹಾಕುವುದು. ಆ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದನ ಇಲ್ಲದವರು ಏನು ಮಾಡಬೇಕು? ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ಕೊಟ್ಟಿಗೆಯೇ ಇಲ್ಲ. ತಿಪ್ಪೆ ಗೊಬ್ಬರ ಕೊಳ್ಳಲು ಹೋದರೆ ಟ್ರ್ಯಾಕ್ಟರ್ ಲೋಡಿಗೆ ನಾಲ್ಕು ಸಾವಿರ ಹೇಳುತ್ತಾರೆ.

ಮತ್ತೊಂದು, ಜೀವಾಮೃತ ಹೆಪ್ಪಿನ ಹಾಗೆ. ಹೆಪ್ಪು ಹಾಕಲು ಹಾಲು ಬೇಕು. ಹೊಲದಲ್ಲಿ ಸೊಪ್ಪು, ಕಸಕಡ್ಡಿ, ಗೊಬ್ಬರ ಇಲ್ಲದೆ ಬರೀ ಜೀವಾಮೃತ ಸುರಿದರೆ ಏನೂ ಆಗುವುದಿಲ್ಲ.

ನಮ್ಮ ಹೊಲ ನಿಜವಾಗಿ ಎದ್ದಿದ್ದು ಕುರಿಯಿಂದ. ಸುಗ್ಗಿ ಮುಗಿದ ಮೇಲೆ ಕುರಿಯವರನ್ನು ಕರೆದು ಮಂದೆ ನಿಲ್ಲಿಸುತ್ತೇವೆ. ರಾತ್ರಿ ಲೆಕ್ಕದಲ್ಲಿ ದುಡ್ಡು, ಇಲ್ಲವೇ ಜೋಳ. ಹಿಕ್ಕೆ, ಉಚ್ಚೆ ಎರಡೂ ಬಿದ್ದ ಜಾಗದಲ್ಲೇ ಇರುತ್ತವೆ, ಸಾಗಿಸುವ ಖರ್ಚಿಲ್ಲ. ಮೊದಲ ಮಳೆಗೆ ಮುಂಚೆ ರಂಟೆ ಹೊಡೆದು ಮುಚ್ಚಬೇಕು. ಎರಡು ಬೆಳೆಗೆ ಅದರ ಕಸುವು ಕಾಣುತ್ತದೆ.

ಮಂಡ್ಯ ಕೂಳೆ ಕಬ್ಬು · 25 ಮೇ

ಅಕ್ಕಾ, ಕೂಲಿ ಲೆಕ್ಕ ಹೇಳಿದ್ದಕ್ಕೆ ಧನ್ಯವಾದ. ನಮ್ಮ ಕಡೆ ಅಗ್ಗದ ಗೊಬ್ಬರ ಅಂದರೆ ಕಬ್ಬಿನ ತರಗು. ಕಟಾವಾದ ಮೇಲೆ ಎಲ್ಲರೂ ಬೆಂಕಿ ಇಡುತ್ತಾರೆ. ನಾನು ಸಾಲು ಬಿಟ್ಟು ಸಾಲಿಗೆ ಹರಡುತ್ತೇನೆ. ಕಳೆ ತೆಗೆಸುವ ಖರ್ಚು ಅರ್ಧಕ್ಕೆ ಇಳಿದಿದೆ, ನೀರೂ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಮಡ್ಡಿ ಗೊಬ್ಬರವೂ ಒಳ್ಳೆಯದು, ಹತ್ತಿರ ಇದ್ದವರಿಗೆ. ದೂರದಿಂದ ತರಿಸಿದರೆ ಲಾರಿ ಬಾಡಿಗೆಯೇ ನುಂಗುತ್ತದೆ.

ಮಾನ್ವಿ ಹತ್ತಿ · 26 ಮೇ

ಗೊಬ್ಬರದ ಮಾತಿನ ನಡುವೆ ಬೀಜದ್ದು ತರುತ್ತಿದ್ದೇನೆ, ಬೇಸರ ಬೇಡ. ಬಿಟಿ ಹತ್ತಿ ಪಾಕೀಟು ಈ ಸಲ 901 ರೂಪಾಯಿ. ಎರಡು ವರ್ಷದ ಹಿಂದೆ ಒಬ್ಬರು ಮನೆಗೇ ಬಂದು ಬಿಡಿ ಬೀಜ ಕೊಟ್ಟರು. ಬೆಲೆ ಕಡಿಮೆ, ಕಳೆನಾಶಕ ಹೊಡೆದರೂ ಗಿಡ ಸಾಯುವುದಿಲ್ಲ ಅಂದರು. ಕಳೆ ಆಳಿಗೆ ಕೂಲಿ ಕೊಟ್ಟು ಸಾಕಾಗಿತ್ತು, ತೆಗೆದುಕೊಂಡೆ. ಎರಡು ಎಕರೆಯಲ್ಲಿ ಅರ್ಧ ಮೊಳೆಯಲಿಲ್ಲ. ಮೊಳೆತದ್ದಕ್ಕೆ ಕಳೆನಾಶಕ ಹೊಡೆದೆ, ಕಳೆ ಜೊತೆ ಹತ್ತಿಯೂ ಸುಟ್ಟಿತು. ಬಿಲ್ ಇಲ್ಲ, ಪಾಕೀಟಿನ ಮೇಲೆ ಹೆಸರಿಲ್ಲ. ಯಾರ ಮೇಲೆ ದೂರು ಕೊಡಲಿ? ಅಂಥ ಬೀಜಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಆ ವರ್ಷ ಮಗಳ ಕಾಲೇಜು ಫೀಸಿಗೆ ಕೈಗಡ ಮಾಡಿದೆ.

ಸಿಂಧನೂರು ನಾಲೆ · 26 ಮೇ

ಓದಿ ಹೊಟ್ಟೆ ಉರಿಯಿತು ಅಣ್ಣಾ. ಬಿಡಿ ಬೀಜದವರು ನಮ್ಮ ಕಡೆಯೂ ತಿರುಗುತ್ತಿದ್ದಾರೆ. ಇದನ್ನು ನಮ್ಮೂರಿನವರಿಗೆ ಓದಿ ಹೇಳುತ್ತೇನೆ.

ತೀರ್ಥಹಳ್ಳಿ ತೋಟ · 27 ಮೇ

ಮಲೆನಾಡಿನದೂ ಸೇರಲಿ. ಮೈಲುತುತ್ತದ ರೇಟು ಏರಿದ ಮೇಲೆ ಅಡಿಕೆಗೆ ಔಷಧಿ ಹೊಡೆಸುವುದರಲ್ಲಿ ಕೈ ಬಿಗಿ ಮಾಡುವವರು ಜಾಸ್ತಿಯಾಗಿದ್ದಾರೆ. 100 ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೆಲವರು ಮುಕ್ಕಾಲು ಕೆಜಿಗೆ ಇಳಿಸುತ್ತಾರೆ. ಕೆಲವರು ಎರಡನೇ ಸಲದ ಸಿಂಪಡಣೆಯನ್ನೇ ಬಿಡುತ್ತಾರೆ. ಜುಲೈ ಮಳೆ ಹಿಡಿದರೆ ಕೊಳೆರೋಗ ಒಂದೇ ವಾರದಲ್ಲಿ ಗೊನೆ ಉದುರಿಸುತ್ತದೆ. ಇದರಲ್ಲಿ ಉಳಿಸಲು ಹೋಗಬೇಡಿ. ತೋಟದ ಗೊಬ್ಬರದಲ್ಲಿ ಉಳಿಸಿ. ಬೆಟ್ಟದ ಸೊಪ್ಪು, ಒಣಗಿದ ಸೋಗೆ ಬುಡಕ್ಕೆ ಹಾಕಿದರೆ ಚೀಲ ಕಡಿಮೆಯಾದರೂ ಮರ ತಡೆದುಕೊಳ್ಳುತ್ತದೆ.

ಶಿಗ್ಗಾಂವಿ ಹೊಲ · 27 ಮೇ

ಹಾಗಾದರೆ ಸರ್ಕಾರಿ ಗೊಬ್ಬರ (ರಾಸಾಯನಿಕ ಗೊಬ್ಬರ) ಪೂರ್ತಿ ಬಿಟ್ಟುಬಿಡಿ ಅಂತ ಹೇಳುವವರ ಮಾತು?

ನಿವೃತ್ತ ಕೃಷಿ ಸಹಾಯಕ · 28 ಮೇ

ಒಂದೇ ಏಟಿಗೆ ಬಿಡುವುದು ಬೇಡ. ಶ್ರೀಲಂಕಾದಲ್ಲಿ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿದರು. ಭತ್ತ, ಚಹಾ ಎರಡೂ ಕುಸಿದವು. ಆ ವರ್ಷ ಮುಗಿಯುವ ಮೊದಲೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 5 ಕೆಜಿ. ನಾಲ್ಕು ಎಕರೆಗೆ ಬೇಕಾದಷ್ಟು ಗೊಬ್ಬರಕ್ಕೆ ಎಷ್ಟು ದನ ಬೇಕು, ಯೋಚಿಸಿ. ಚಳ್ಳಕೆರೆ ತಂಗಿ ಆರು ವರ್ಷ ತೆಗೆದುಕೊಂಡಿದ್ದಾರೆ, ಅವರ ಬೆಳೆಗಳೂ ಕಡಿಮೆ ಬೇಡುವಂಥವು. ಮೆಕ್ಕೆಜೋಳ ಹಸಿದ ಬೆಳೆ. ಒಂದು ಮೂಲೆಯಲ್ಲಿ ಅರ್ಧ ಎಕರೆಯಿಂದ ಶುರು ಮಾಡಲಿ.

ರಾಣೆಬೆನ್ನೂರು ಮೆಕ್ಕೆಜೋಳ · 29 ಮೇ

ನಿರ್ಧಾರ ಮಾಡಿದೆ. ಡಿಎಪಿ ಎಕರೆಗೆ ಒಂದು ಚೀಲ, ಬಿಡುವುದಿಲ್ಲ. ಮೂರು ಅಂಗಡಿ ಸುತ್ತಿ ನಾಲ್ಕು ಚೀಲ ಸಿಕ್ಕಿತು. ಯೂರಿಯಾ ಎಕರೆಗೆ ಮೂರರ ಬದಲು ಎರಡು. ಅದರಲ್ಲಿ ಉಳಿಯುವ ದುಡ್ಡಿಗೆ ಮಸಾರಿಗೆ ಅರ್ಧ ಚೀಲ ಪೊಟ್ಯಾಷ್. ಮಣ್ಣು ಪರೀಕ್ಷೆಗೆ ಕೊಟ್ಟೆ. ಮೆಕ್ಕೆಜೋಳದ ಬೆಂಬಲ ಬೆಲೆ 2,225ರಿಂದ 2,400 ಮಾಡಿದ್ದಾರೆ ಅಂತ ನಿನ್ನೆ ಸುದ್ದಿ ಬಂತು. ಖರೀದಿ ಕೇಂದ್ರ ತೆರೆದರೆ ತಾನೆ ಅದು ನಮ್ಮ ಕೈಗೆ ಬರುವುದು.

ನಾಳೆ ಬಿತ್ತನೆ.

ರಾಣೆಬೆನ್ನೂರು ಮೆಕ್ಕೆಜೋಳ · 3 ಆಗಸ್ಟ್

ಬಹಳ ದಿನ ಆಯಿತು. ಯೂರಿಯಾ ಗಲಾಟೆ ಎಲ್ಲರೂ ನೋಡುತ್ತಿದ್ದೀರಿ. ಮಳೆ ಬೇಗ ಬಂದು ಮೆಕ್ಕೆಜೋಳ ಬಿತ್ತಿದವರು ಜಾಸ್ತಿ, ಎಲ್ಲರಿಗೂ ಒಂದೇ ಸಲ ಮೇಲುಗೊಬ್ಬರ ಬೇಕು. ನಾನು ಮೇ ತಿಂಗಳಲ್ಲಿ ನಾಲ್ಕು ಚೀಲ ತಂದಿಟ್ಟಿದ್ದೆ, ಮೊದಲ ಕಂತು ಸರಿಯಾಯಿತು. ಎರಡನೇ ಕಂತಿಗೆ ಎರಡು ದಿನ ಬೆಳಗಿನ ಐದಕ್ಕೇ ಸಾಲಿನಲ್ಲಿ ನಿಂತೆ. ನಾಲ್ಕು ಬೇಕಿತ್ತು, ಎರಡು ಸಿಕ್ಕಿತು. ಮಸಾರಿಯಲ್ಲಿ ಕೆಳಗಿನ ಎಲೆ ಹಳದಿಯಾಗಿತ್ತು, ಅಲ್ಲಿಗೆ ಒಂದೂವರೆ ಹಾಕಿದೆ. ಎರೆಯಲ್ಲಿ ಬೆಳೆ ಹಸಿರಾಗಿಯೇ ಇದೆ, ಉಳಿದ ಅರ್ಧ ಚೀಲ ಅಲ್ಲಿ ತೆಳುವಾಗಿದ್ದ ಕಡೆಗೆ ಕೊಟ್ಟೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಅಜ್ಜ ಎಕರೆಗೆ ನಾಲ್ಕು ಚೀಲದ ಲೆಕ್ಕದಲ್ಲಿ ಬಂದಿದ್ದರು. ಅವರಿಗೆ ಒಂದು ಸಿಕ್ಕಿತು. ಅಷ್ಟೂ ಹೊತ್ತು ಅವರ ಕೈ ನಡುಗುತ್ತಿತ್ತು.

ಮಣ್ಣು ಪರೀಕ್ಷೆ ಚೀಟಿ ಬಂದಿದೆ. ಸಾವಯವ ಇಂಗಾಲ ಎರಡೂ ಹೊಲದಲ್ಲಿ ಕಡಿಮೆ. ಎರೆಯಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಸರ್ ಹೇಳಿದ ಹಾಗೇ. ಚಳ್ಳಕೆರೆ ಅಕ್ಕಾ, ಕುರಿಯವರನ್ನು ಯಾವ ತಿಂಗಳು ಕರೆಯಬೇಕು? ಒಂದೂವರೆ ಎಕರೆಗೆ ಎಷ್ಟು ರಾತ್ರಿ?

ಚಳ್ಳಕೆರೆ ಅಕ್ಕ · 4 ಆಗಸ್ಟ್

ತೆನೆ ಮುರಿಯುವುದು ಮುಗಿದ ಮೇಲೆ ದಂಟು ಕಿತ್ತು ಹೊಲ ಬಯಲು ಮಾಡಿಸು ತಮ್ಮಾ. ಆದರೆ ಮಾತು ಈಗಲೇ ಆಡಿಡು, ಆಗ ಎಲ್ಲರೂ ಕರೆಯುತ್ತಾರೆ. ಇನ್ನೂರು ಕುರಿಯ ಮಂದೆಯಾದರೆ ದಿನಾ ಜಾಗ ಬದಲಿಸುತ್ತಾ ಹತ್ತು ರಾತ್ರಿಯಾದರೂ ನಿಲ್ಲಿಸು. ಅವರಿಗೆ ರಾತ್ರಿ ಊಟ, ಕುರಿಗೆ ಕುಡಿಯುವ ನೀರು ನಿನ್ನದು. ಅದನ್ನು ಮರೆತರೆ ಮುಂದಿನ ವರ್ಷ ಬರುವುದಿಲ್ಲ.